ಸ್ವೀಡನ್ನಿಗೆ ಹೊಸದಾಗಿ ಬಂದ ಅಪ್ಪಂದಿರಿಗೆ: ಮಗು ರಜೆ ವಿಷಯ

ಮೊದಲು ಪರ್ಸನ್‌ನಂಬರ್ (ಇಲ್ಲಿನ ಗುರುತಿನ ಸಂಖ್ಯೆ, ನಮ್ಮ ಆಧಾರ್ ಥರ), ಆಮೇಲೆ ಬ್ಯಾಂಕ್‌ಐಡಿ (ಆನ್‌ಲೈನಲ್ಲಿ ಗುರುತು ತೋರ್ಸೋ ಆ್ಯಪ್). ಅವೆರಡು ಆದ್ಮೇಲೆ ಮುಂದಕ್ಕೆ ಓದಿ.

ಇಲ್ಲಿ ಒಂದು ಮಗುಗೆ ಅಪ್ಪ ಅಮ್ಮ ಇಬ್ರಿಗೂ ಸೇರಿ 480 ದಿನ ದುಡ್ಡು ಸಿಗೋ ರಜೆ, ಅರ್ಧ ಅರ್ಧ. ಅದ್ರಲ್ಲಿ 90 ದಿನ ಅಪ್ಪಂದೇ, ಹೆಂಡ್ತಿಗೆ ಬರ್ಕೊಡಕ್ಕೆ ಆಗಲ್ಲ, ನೀವು ತಗೊಂಡಿಲ್ಲ ಅಂದ್ರೆ ಹೋಯ್ತು. 1974ರಲ್ಲೇ ಅಪ್ಪಂದಿರಿಗೂ ಹಕ್ಕು ಕೊಟ್ಟಿದ್ರು, ಆದ್ರೆ ಬಹಳಷ್ಟು ಗಂಡಸ್ರು ಹೆಂಡ್ತಿ ತಲೆಗೇ ಕಟ್ಟಿ ಆಫೀಸಿಗೆ ಹೋಗ್ತಿದ್ರು, ಅದಕ್ಕೇ 1995ರಲ್ಲಿ ಒಂದು ತಿಂಗಳು, 2002ರಲ್ಲಿ ಇನ್ನೊಂದು, 2016ರಲ್ಲಿ ಮೂರನೇದು ಅಂತ ಅಪ್ಪನ ಪಾಲು ಬೇರೆ ಎತ್ತಿಟ್ರು. ಇಲ್ಲಿಯವ್ರೂ ನಮ್ಮಂಗೇ ಇದ್ರು ಸ್ವಾಮಿ.

ಈಗ ನನ್ನ ಕಥೆ. ಊರಲ್ಲಿ ಇಎಲ್ ಉಳಿಸಿ ಎನ್‌ಕ್ಯಾಶ್ ಮಾಡಿ ಅಭ್ಯಾಸ, ಹಂಗೇ ಇದನ್ನೂ ಕೂಡಿಟ್ಟೆ, ಬೇಸಿಗೇಲಿ ಊರಿಗೆ ಹೋಗಕ್ಕೆ ಆಗುತ್ತೆ ಅಂತ. ಆದ್ರೆ ಮಗುಗೆ 4 ವರ್ಷ ತುಂಬಿದ್ಮೇಲೆ ಇಬ್ರದ್ದೂ ಸೇರಿ ಉಳಿಯೋದು 96 ದಿನ ಮಾತ್ರ, ಮಿಕ್ಕಿದ್ದು ಢಮಾರ್. ಕೊನೆಗೆ ಗಡಿಬಿಡೀಲಿ ಮೂರು ತಿಂಗಳು ಮನೇಲಿ ಕೂತೆ. ಮೊದಲನೇ ದಿನ ಮಗಳು ನನ್ನ ಮೊಸರನ್ನ ಉಗುಳಿದ್ಲು. ಹೆಂಡ್ತಿ ಮೀಟಿಂಗಲ್ಲಿದ್ದಾಗ ಫೋನ್ ಮಾಡಿ ಕೇಳ್ದೆ, ಬೆಚ್ಚಗಿನ ಹಾಲು ಬಿಟ್ಟು ನುಣ್ಣಗೆ ಕಿವುಚ್ಬೇಕಂತೆ. ಅಷ್ಟು ವರ್ಷ ಒಂದೇ ಮನೇಲಿದ್ದು ನಂಗೆ ಅದು ಗೊತ್ತಿರ್ಲಿಲ್ಲ! ಮೂರನೇ ವಾರದಲ್ಲಿ ಬಿದ್ದು ಮಂಡಿ ತರಚ್ಕೊಂಡಾಗ "ಅಪ್ಪಾ" ಅಂತ ಅತ್ಲು. ಹಂಗಾಗಿ ಹೇಳ್ತಿದೀನಿ, ಮಗುಗೆ ಒಂದು ವರ್ಷ ಆಗೋಷ್ಟರಲ್ಲೇ ಶುರು ಮಾಡಿ. "ಮ್ಯಾನೇಜರ್ ಏನನ್ಕೋತಾರೋ" ಅನ್ಬೇಡಿ, ಅವ್ರೂ ತಗೊಂಡಿರ್ತಾರೆ.

ಅಜ್ಜಿ ಬರ್ತಾರೆ, ನಂಗ್ಯಾಕೆ ರಜೆ ಅನ್ನೋರಿಗೆ: 2024ರ ಜುಲೈಯಿಂದ ಒಬ್ಬೊಬ್ರು 45 ದಿನ ಬೇರೆಯವ್ರಿಗೆ ಕೊಡ್ಬಹುದು, ನಿಜ. ಆದ್ರೆ ಅವ್ರಿಗೆ ಇಲ್ಲಿನ ಸರ್ಕಾರಿ ಸಾಮಾಜಿಕ ವಿಮೆ ಇರ್ಬೇಕು. ವಿಸಿಟ್ ವೀಸಾ ಅಜ್ಜಿಗೆ ಸಿಗಲ್ಲ.

ಇನ್ನು ಚುಟುಕಾಗಿ:
- ಹೆರಿಗೆ ಟೈಮಲ್ಲಿ ಅಪ್ಪನಿಗೆ 10 ದಿನ ಬೇರೆ, ಮಗು ಮನೆಗೆ ಬಂದ 60 ದಿನದೊಳಗೆ
- ಆಫೀಸಿಗೆ 2 ತಿಂಗಳು ಮುಂಚೆ ಹೇಳಿ
- ಹೆರಿಗೆಗೆ ಮುಂಚೆ ಇಲ್ಲಿ 240 ದಿನ ಕೆಲಸ ಆಗಿಲ್ಲ ಅಂದ್ರೆ ಮೊದಲ 180 ದಿನಕ್ಕೆ ಕಮ್ಮಿ ದುಡ್ಡು
- ಜ್ವರ ಬಂದ್ರೆ ವಾಬ್ (ಹುಷಾರಿಲ್ಲದ ಮಗು ನೋಡ್ಕೊಳ್ಳೋ ರಜೆ), ವರ್ಷಕ್ಕೆ ಮಗುಗೆ 120 ದಿನದವರೆಗೂ

ವಾಬ್ ಹಾಕಿದ ದಿನ ಲ್ಯಾಪ್‌ಟಾಪ್ ಮುಚ್ಚಿ. ಮಗು ತೊಡೆ ಮೇಲೆ ಮಲಗಿಸ್ಕೊಂಡು ಕಾಲ್‌ಗೆ ಸೇರೋ ಹೀರೋಗಿರಿ ಬೇಡ, ಮ್ಯೂಟ್ ತೆಗೆದ ಕೂಡ್ಲೇ ಅದು ಕೆಮ್ಮೋದು ಎಲ್ರಿಗೂ ಕೇಳುತ್ತೆ.