ಕೀಮೋ ದಿನಗಳಲ್ಲಿ ನಿದ್ದೆ ಬರದಿದ್ದರೆ ಏನು ಮಾಡಬೇಕು?

ಕೀಮೋ ಆದ ರಾತ್ರಿ ಮೈಯೆಲ್ಲ ಸೋತಿರುತ್ತದೆ, ಆದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. "ಜಾಸ್ತಿ ಯೋಚನೆ ಮಾಡ್ಬೇಡಿ" ಅಂತ ಎಲ್ಲರೂ ಹೇಳುತ್ತಾರೆ. ಯೋಚನೆ ಇದ್ದೇ ಇರುತ್ತದೆ, ಅಲ್ವಾ? ಮೊದಲು ಮಾತ್ರೆ ಚೀಟಿ ತೆಗೆದು ನೋಡಿ.

ವಾಂತಿ ಆಗದಿರಲಿ ಅಂತ ಕೀಮೋ ಜೊತೆ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಕೊಡುವುದುಂಟು, ಕೆಲವರಿಗೆ ಆಮೇಲೂ ಎರಡು ಮೂರು ದಿನ ಅದರ ಮಾತ್ರೆ ಇರುತ್ತದೆ. ಅದು ನಿದ್ದೆ ಓಡಿಸುತ್ತದೆ. ಚೀಟಿಯಲ್ಲಿ 1-0-1 ಅಂತ ಇದ್ದರೆ ಎರಡನೇ ಮಾತ್ರೆ ರಾತ್ರಿ ಊಟದ ಮೇಲೆ ಹೊಟ್ಟೆಗೆ ಹೋಗುತ್ತದೆ, ಮಲಗುವ ಹೊತ್ತಿಗೆ ಸರಿಯಾಗಿ. "ಇದನ್ನು 1-1-0 ಮಾಡ್ಬಹುದಾ, ಬೆಳಿಗ್ಗೆ ತಿಂಡಿ ಆದಮೇಲೆ ಒಂದು, ಮಧ್ಯಾಹ್ನ ಊಟ ಆದಮೇಲೆ ಒಂದು?" ಅಂತ ಡಾಕ್ಟರನ್ನೇ ಕೇಳಿ. ನೀವಾಗಿ ಬದಲಿಸಬೇಡಿ, ನಿಲ್ಲಿಸಲೂ ಬೇಡಿ.

ನೋವಿನಿಂದ ಎಚ್ಚರವಾಗುತ್ತಿದ್ದರೆ ತಡೆದುಕೊಂಡು ಮಲಗಬೇಡಿ. ಹೊತ್ತು ಹೊತ್ತಿಗೆ ತೆಗೆದುಕೊಳ್ಳಲು ಹೇಳಿದ ನೋವಿನ ಮಾತ್ರೆಯನ್ನು ಹಾಗೇ ತೆಗೆದುಕೊಳ್ಳಿ. ಅದೂ ಸಾಲದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಡೋಸ್ ಬದಲಿಸುವ ದಾರಿ ಅವರಿಗೆ ಗೊತ್ತು. ಪದೇ ಪದೇ ಬಾತ್‌ರೂಮಿಗೆ ಏಳುವವರು ನೀರು ಕಡಿಮೆ ಮಾಡಬಾರದು, ಹೆಚ್ಚು ಪಾಲನ್ನು ಸಂಜೆಯೊಳಗೆ ಕುಡಿದು ಮುಗಿಸಬೇಕು. ಸ್ತನ ಕ್ಯಾನ್ಸರ್‌ಗೆ ಕೊಡುವ ಟಾಮಾಕ್ಸಿಫೆನ್ ಮಾತ್ರೆ ತಗೊಳ್ಳುವ ಕೆಲವರಿಗೆ ನಡುರಾತ್ರಿ ಮೈ ಧಗ್ ಅಂದು ಬೆವರುತ್ತದೆ. ತೆಳು ಕಾಟನ್ ನೈಟಿ ಇನ್ನೊಂದು ಜೊತೆ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ದೀಪ ಹಾಕಿ ಬೀರು ಹುಡುಕುವಷ್ಟರಲ್ಲಿ ಉಳಿದ ನಿದ್ದೆಯೂ ಹೋಗುತ್ತದೆ.

ಹಗಲು ಮಲಗಬೇಕು ಅನಿಸಿದರೆ ಮಲಗಿ, ಆದರೆ ಮಧ್ಯಾಹ್ನ ಮೂರು ಗಂಟೆಯೊಳಗೆ, ಅರ್ಧ ಗಂಟೆ ಸಾಕು. ಮನೆಯವರಿಗೆ ಒಂದು ಮಾತು: ನೋಡಲು ಬರುವವರನ್ನು ಮಲಗುವ ಹೊತ್ತಿಗೆ ಮುಂಚೆ ಕಳಿಸಿಬಿಡಿ, ರೋಗಿಯ ಬಾಯಲ್ಲಿ "ಹೋಗಿ ಬನ್ನಿ" ಅಂತ ಹೇಳಿಸಬೇಡಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಕೈಲಾದಷ್ಟು ನಡೆಯಿರಿ, ವರಾಂಡದಲ್ಲೇ ಆದರೂ ಸರಿ.

ಮಲಗಿ ತುಂಬಾ ಹೊತ್ತಾದರೂ ನಿದ್ದೆ ಹತ್ತದಿದ್ದರೆ ಸುಮ್ನೆ ಹೊರಳಾಡಬೇಡಿ. ಎದ್ದು ಬಂದು ಮಂದ ಬೆಳಕಲ್ಲಿ ಕೂತಿರಿ, ತೂಕಡಿಕೆ ಬಂದಾಗ ಹೋಗಿ ಮಲಗಿ. ಫೋನ್ ದೂರ ಇರಲಿ. ಎಷ್ಟೇ ತಡವಾಗಿ ನಿದ್ದೆ ಬಂದರೂ ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು.

ಪಕ್ಕದ ಮನೆಯವರ ನಿದ್ದೆ ಮಾತ್ರೆ, ಅಶ್ವಗಂಧದ ಪುಡಿ ಯಾವುದನ್ನೂ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ, ಕ್ಯಾನ್ಸರ್ ಔಷಧಿ ಜೊತೆ ಹೊಂದದೇ ಇರಬಹುದು. ಮತ್ತೆ, ರಾತ್ರಿ ಚಳಿ ಹತ್ತಿ ಎಚ್ಚರವಾದರೆ ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.