ಹದಿನಾರರ ಕುದುರೆಗೆ ಮೊದಲ 40 ಕಿಲೋಮೀಟರ್

ಕ್ಯಾಲಿಫೋರ್ನಿಯಾದ ಆಬರ್ನ್‌ನಲ್ಲಿ ಕುದುರೆಯ ದೂರಸವಾರಿ ಎಂದರೆ ಟೆವಿಸ್ ಕಪ್: 1955ರಲ್ಲಿ ಶುರುವಾದದ್ದು, 24 ಗಂಟೆಯಲ್ಲಿ 160 ಕಿಲೋಮೀಟರ್ ಬೆಟ್ಟದ ಹಾದಿ. ನನ್ನ ಸುಬ್ಬಿಗೆ ಅದು ಬೇಡ. ಅವಳು 16 ವರ್ಷದ ಅರಬ್ಬಿ ಹೆಣ್ಣು ಕುದುರೆ. ಆರು ವರ್ಷ ಜೀನು ಕಾಣದೆ ಮೇಯ್ದವಳು. ಅಂಥವರಿಗೆ 25 ಮೈಲಿಯ, ಅಂದರೆ 40 ಕಿಲೋಮೀಟರಿನ ಸವಾರಿಯೇ ತಕ್ಕ ಆರಂಭ.

ನನ್ನ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೇ ತಿಂಗಳಲ್ಲಿ ಸುಬ್ಬಿಯ ದಮ್ಮು ಕುದುರಿತು. ಏರು ಹತ್ತಿ ನಿಂತರೆ ಹತ್ತು ನಿಮಿಷದೊಳಗೆ ನಾಡಿ 60ಕ್ಕೆ ಇಳಿಯುತ್ತಿತ್ತು. ನಾನು ಹಿಗ್ಗಿಹೋಗಿ ದೂರ, ವೇಗ ಎರಡನ್ನೂ ಒಟ್ಟಿಗೇ ಏರಿಸಿದೆ. ಒಂದು ಬೆಳಿಗ್ಗೆ ಎಡ ಮುಂಗಾಲಿನ ಹಿಂಬದಿ ಊದಿಕೊಂಡು ಬಿಸಿಯಾಗಿತ್ತು. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜಿಗೆ ಪೆಟ್ಟು, ನಾಲ್ಕು ತಿಂಗಳು ಜೀನು ಮೂಲೆ ಸೇರಿತು. ಹೃದಯ, ಶ್ವಾಸಕೋಶಗಳು ಬೇಗ ಪಳಗುತ್ತವೆ. ಸ್ನಾಯುರಜ್ಜು, ಮೂಳೆಗಳಿಗೆ ಹಲವು ಪಟ್ಟು ಕಾಲ ಬೇಕು. ನಾಡಿ ಹಿಡಿದು ಕಾಲಿನ ಬಲ ಅಳೆಯಲಾಗದು.

ಎರಡನೆಯ ಸಲ ಪಶುವೈದ್ಯರಿಂದ ಆರಂಭಿಸಿದೆ. ಕುಂಟು, ಹೃದಯದ ಸದ್ದು, ಹಲ್ಲು ಎಲ್ಲವನ್ನೂ ನೋಡಿಸಿ. ದವಡೆ ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸದಿದ್ದರೆ ತಿಂದ ಹುಲ್ಲು ಮೈಗೆ ಹತ್ತುವುದಿಲ್ಲ. ಬೇಸಿಗೆಯಲ್ಲೂ ಚಳಿಗಾಲದ ಕೂದಲು ಉದುರದಿದ್ದರೆ ವಯಸ್ಸಾದ ಕುದುರೆಗಳಿಗೆ ಬರುವ ಹಾರ್ಮೋನಿನ ತೊಂದರೆ ಕುಶಿಂಗ್ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಿ.

ಆಮೇಲೆ ಆರು ವಾರ ಬರೀ ನಡಿಗೆ, ವಾರಕ್ಕೆ ಮೂರು ದಿನ. ನಂತರ ಮೆತ್ತನೆಯ ನೆಲದಲ್ಲಿ ಐದೈದು ನಿಮಿಷ ಕುಕ್ಕುಲೋಟ. ದೂರ ಹೆಚ್ಚಿಸಿದ ವಾರ ವೇಗ ಹೆಚ್ಚಿಸಲಿಲ್ಲ. ಸವಾರಿಯ ಮರುದಿನ ಬೆಳಿಗ್ಗೆ, ಕಾಫಿಗೂ ಮೊದಲು, ನಾಲ್ಕೂ ಕಾಲುಗಳನ್ನು ಕೈಯಿಂದ ಸವರಿ ನೋಡುತ್ತಿದ್ದೆ. ಹೀಗೆ ಹತ್ತು ತಿಂಗಳು.

ಹುರುಳಿ ಬೇಯಿಸಿ ಹಾಕು, ಹಾರುತ್ತಾಳೆ ಎಂದು ಹಾಸನದಿಂದ ಸೋದರಮಾವ ಫೋನಿನಲ್ಲಿ ಹೇಳುತ್ತಲೇ ಇದ್ದರು. ಸುಬ್ಬಿ ಹಾರುವುದೇ ನನಗೆ ಬೇಡವಾಗಿತ್ತು. ಒಣಹುಲ್ಲು ಹೊಟ್ಟೆ ತುಂಬ ಇದ್ದರೆ ಕರುಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕುದುರೆಯ ಬೆವರಿನಲ್ಲಿ ಉಪ್ಪು ಬಹಳ ಹೋಗುವುದರಿಂದ ಉಪ್ಪೂ ಬೇಕು, ಆದರೆ ನೀರು ಕುಡಿಯದ ಕುದುರೆಗೆ ಕೊಡಬೇಡಿ.

ಸವಾರಿಯ ದಿನ ನಡುವೆ ಕಡ್ಡಾಯ ವಿಶ್ರಾಂತಿ. ವೈದ್ಯರು ನಾಡಿ, ಒಸಡಿನ ಬಣ್ಣ, ಕರುಳಿನ ಸದ್ದು ನೋಡಿ, ಓಡಿಸಿ ಕುಂಟು ಪರೀಕ್ಷಿಸುತ್ತಾರೆ. ವಿಶ್ರಾಂತಿಯೂ ಸೇರಿ ಒಟ್ಟು ಗಡುವು ಆರು ಗಂಟೆ. ಈ ದೂರದ ಸವಾರಿಯಲ್ಲಿ ಕೊನೆಯ ಗೆರೆ ದಾಟಿದರೆ ಗಡಿಯಾರ ನಿಲ್ಲುವುದಿಲ್ಲ, ನಾಡಿ 60ಕ್ಕೆ ಇಳಿದಾಗಲೇ ನಿಲ್ಲುತ್ತದೆ. ಆದ್ದರಿಂದ ಕೊನೆಯ ಕಿಲೋಮೀಟರು ಇಳಿದು, ಜೀನಿನ ಪಟ್ಟಿ ಸಡಿಲಿಸಿ, ಜೊತೆಗೆ ನಡೆಯಿರಿ. ನಾನೂ ಹಾಗೇ ಬಂದೆ. ನಾಡಿ 56. ಕೊನೆಯ ಪರೀಕ್ಷೆಗೆ ಓಡಿಸಿ ಎಂದಾಗ ಸುಬ್ಬಿ ನೆಟ್ಟಗೆ, ಕುಂಟದೆ, ಯಾರದೋ ಕ್ಯಾರೆಟ್ ಬಕೆಟಿನ ಕಡೆಗೆ ಓಡಿದಳು.