ರೇಡಿಯಂ ಎಲ್ಲಿ ಅಂಟಿಸಬೇಕು, ಹೇಗೆ ಅಂಟಿಸಬೇಕು: ಬೈಕ್ ಸವಾರರು ಕತ್ತಲಲ್ಲೂ ಮಳೆಯಲ್ಲೂ ಕಾಣಿಸಲು

ಅಂಗಡಿಗೆ ಹೋಗಿ ‘ರೇಡಿಯಂ ಕೊಡಿ’ ಎಂದರೆ ಮೂರು ಬೇರೆ ಬೇರೆ ಸಾಮಾನು ಕೈಗೆ ಬರಬಹುದು. ಒಂದು, ಕನ್ನಡಿಯ ಹಾಗೆ ಫಳಫಳಿಸುವ ಕ್ರೋಮ್ ಸ್ಟಿಕ್ಕರ್. ಎರಡು, ಲೈಟ್ ಆರಿಸಿದ ಮೇಲೆ ಸ್ವಲ್ಪ ಹೊತ್ತು ಹಸಿರಾಗಿ ಮಿನುಗುವ ನೈಟ್ ಗ್ಲೋ ಸ್ಟಿಕ್ಕರ್. ಮೂರು, ನಿಜವಾದ ರಿಫ್ಲೆಕ್ಟಿವ್ ಟೇಪ್. ರಸ್ತೆಯಲ್ಲಿ ಜೀವ ಉಳಿಸುವುದು ಮೂರನೆಯದು ಮಾತ್ರ. ಅದರಲ್ಲಿ ರೇಡಿಯಂ ಎಂಬ ಲೋಹ ಎಳ್ಳಷ್ಟೂ ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ.

ಕ್ರೋಮ್ ಸ್ಟಿಕ್ಕರ್ ಬೆಳಕನ್ನು ಎತ್ತಲೋ ಎರಚುತ್ತದೆ. ರಿಫ್ಲೆಕ್ಟಿವ್ ಟೇಪಿನಲ್ಲಿ ಸಣ್ಣ ಗಾಜಿನ ಮಣಿಗಳೋ ಪ್ಲಾಸ್ಟಿಕ್ ಪ್ರಿಸಂಗಳೋ ಇರುತ್ತವೆ. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ಅವು ಹಿಂದಿರುಗಿಸುತ್ತವೆ. ಹಾಗಾಗಿ ಹೆಡ್‌ಲೈಟಿನ ಹಿಂದೆ ಕೂತವನ ಕಣ್ಣಿಗೆ ಅದು ಉರಿಯುವ ದೀಪದಂತೆ ಕಾಣುತ್ತದೆ. ಪಕ್ಕದ ಫುಟ್‌ಪಾತಿನಲ್ಲಿ ನಿಂತವನಿಗೆ ಬೂದು ಪಟ್ಟಿ ಅಷ್ಟೇ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಟೇಪನ್ನು ಏಳೆಂಟು ಹೆಜ್ಜೆ ದೂರದಲ್ಲಿ ಹಿಡಿಯಲು ಹೇಳಿ, ಮೊಬೈಲ್ ಟಾರ್ಚ್ ಹಚ್ಚಿ. ಮೊಬೈಲನ್ನು ಸೊಂಟದ ಹತ್ತಿರ ಹಿಡಿದಾಗ ಟೇಪ್ ಮಂಕಾಗಿರುತ್ತದೆ. ಹಾಗೇ ಮೇಲೆತ್ತಿ ಕಣ್ಣಿನ ಪಕ್ಕಕ್ಕೆ, ಕಿವಿ ಕಣತಲೆಗಳ ನಡುವೆ ತಂದು ನೋಡಿ: ಟೇಪ್ ಫಕ್ಕನೆ ಹೊತ್ತಿಕೊಳ್ಳಬೇಕು. ಈಗ ಟೇಪನ್ನು ಓರೆ ಮಾಡಿಸಿ. ಆಗಲೂ ಬೆಳಗಿದರೆ ಅಸಲಿ ಮಾಲು. ನೇರ ಹಿಡಿದಾಗ ಮಾತ್ರ ಮಿಂಚಿ ಓರೆಯಾದ ಕೂಡಲೇ ಆರಿದರೆ ಅದು ಬರೀ ಹೊಳಪಿನ ಹಾಳೆ.

ಹಗಲಿಗೆ ಬೇರೆ, ರಾತ್ರಿಗೆ ಬೇರೆ

ಟ್ರಾಫಿಕ್ ಪೊಲೀಸರ ಜಾಕೆಟಿನಲ್ಲಿ ಎರಡು ವಸ್ತುಗಳಿರುವುದನ್ನು ಗಮನಿಸಿ: ಕಣ್ಣು ಕುಕ್ಕುವ ಬಟ್ಟೆ, ಅದರ ಮೇಲೆ ಬೆಳ್ಳಿ ಬಣ್ಣದ ಪಟ್ಟಿ. ಬಟ್ಟೆ ಫ್ಲೋರೊಸೆಂಟ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣವನ್ನು ಕಾಣುವ ಬೆಳಕಾಗಿ ಬದಲಿಸುವುದರಿಂದ ಮೋಡದ ದಿನ, ಮುಸ್ಸಂಜೆ, ನಸುಕಿನಲ್ಲಿ ಅದು ಎದ್ದು ಕಾಣುತ್ತದೆ. ಕತ್ತಲಾದ ಮೇಲೆ ಆ ಬಣ್ಣದ ಮಾಯೆ ಮುಗಿಯಿತು. ಹೆಡ್‌ಲೈಟಿನಲ್ಲಿ ಅದೊಂದು ತಿಳಿ ಬಣ್ಣದ ಬಟ್ಟೆ ಅಷ್ಟೇ. ಆಮೇಲಿನ ಕೆಲಸ ಬೆಳ್ಳಿ ಪಟ್ಟಿಯದು. ಒಂದನ್ನು ಕೊಂಡು ಎರಡೂ ಸಿಕ್ಕಿತು ಎಂದುಕೊಳ್ಳಬೇಡಿ.

ಫ್ಲೋರೊಸೆಂಟ್ ಬಣ್ಣ ಆರಿಸುವಾಗ ನೀವು ಓಡಾಡುವ ದಾರಿಯ ಹಿನ್ನೆಲೆ ನೋಡಿ. ಮಲೆನಾಡಿನಲ್ಲಿ, ಮಂಡ್ಯದ ಭತ್ತ ಕಬ್ಬಿನ ಗದ್ದೆಗಳ ನಡುವೆ ಹಳದಿ ಮಿಶ್ರಿತ ಹಸಿರು ಕರಗಿಹೋಗುತ್ತದೆ. ಅಲ್ಲಿಗೆ ಕಿತ್ತಳೆ ವಾಸಿ. ಬೂದು ಕಟ್ಟಡ, ಕಪ್ಪು ಟಾರಿನ ಪಟ್ಟಣಕ್ಕೆ ಹಳದಿ ಹಸಿರೇ ಸರಿ.

ಹೊಸ ಹೆಲ್ಮೆಟ್ ಕೊಳ್ಳುವವರಿಗೆ ಟೇಪಿಗಿಂತ ಸುಲಭದ ದಾರಿಯೊಂದಿದೆ: ಬಿಳಿಯದು ಕೊಳ್ಳಿ. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1993ರಿಂದ 1996ರವರೆಗೆ ಅಪಘಾತಕ್ಕೀಡಾದ ಸವಾರರನ್ನೂ ಆಗದವರನ್ನೂ ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕಪ್ಪು ಹೆಲ್ಮೆಟ್‌ನವರಿಗಿಂತ ಬಿಳಿ ಹೆಲ್ಮೆಟ್‌ನವರಿಗೆ ಗಾಯದ ಅಪಾಯ ಶೇ 24ರಷ್ಟು ಕಡಿಮೆ, ಫ್ಲೋರೊಸೆಂಟ್ ಅಥವಾ ರಿಫ್ಲೆಕ್ಟಿವ್ ಉಡುಪು ತೊಟ್ಟವರಿಗೆ ಶೇ 37ರಷ್ಟು ಕಡಿಮೆ ಎಂಬುದು ಅದರ ಲೆಕ್ಕ. ನಮ್ಮಲ್ಲಿ ಮ್ಯಾಟ್ ಬ್ಲ್ಯಾಕ್ ಮೇಲಿನ ಮೋಹ ಇಳಿಯುವ ಸೂಚನೆ ಇಲ್ಲ, ಅದು ಬೇರೆ ಮಾತು. ಬಣ್ಣ ಯಾವುದೇ ಇರಲಿ, ಹೆಲ್ಮೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 4151ರ ಐಎಸ್‌ಐ ಗುರುತು ಇರಲೇಬೇಕು; 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ.

ಹೆಲ್ಮೆಟ್‌ಗೆ ಅಂಟಿಸುವ ಕ್ರಮ

ಎಷ್ಟು ಬೇಕು? ಫ್ರಾನ್ಸಿನ ನಿಯಮ ಒಳ್ಳೆಯ ಅಳತೆ ಕೊಡುತ್ತದೆ. ಅಲ್ಲಿ ಹೆಲ್ಮೆಟ್‌ನ ಮುಂದೆ, ಹಿಂದೆ, ಎಡಬಲಗಳಲ್ಲಿ ತಲಾ ಕನಿಷ್ಠ 18 ಚದರ ಸೆಂ.ಮೀ. ರಿಫ್ಲೆಕ್ಟಿವ್ ಸ್ಟಿಕ್ಕರ್ ಕಡ್ಡಾಯ. ನಮ್ಮಲ್ಲಿ 50 ಮಿ.ಮೀ. ಅಗಲದ ಟೇಪನ್ನು ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಅದನ್ನು ಅಡ್ಡಕ್ಕೆ 12 ಮಿ.ಮೀ.ಗೊಂದರಂತೆ ಕತ್ತರಿಸಿದರೆ ಒಂದು ತುಂಡು 6 ಚದರ ಸೆಂ.ಮೀ. ಆಗುತ್ತದೆ. ಒಂದೊಂದು ಬದಿಗೆ ಮೂರು, ಒಟ್ಟು ಹನ್ನೆರಡು ತುಂಡು. ಹಾಳಾಗುವುದೂ ಸೇರಿ ಕಾಲು ಮೀಟರ್ ಟೇಪ್ ಸಾಕು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರುಗಳಲ್ಲಿ ನಂಬರ್ ಪ್ಲೇಟ್, ಸ್ಟಿಕ್ಕರ್ ಕಟಿಂಗ್ ಅಂಗಡಿಯವರು ಇಡುತ್ತಾರೆ.

ಕೇಳಬೇಕಾದದ್ದು ಮೆತ್ತಗೆ ಬಾಗುವ, ಮೇಲ್ಮೈ ನುಣುಪಾಗಿರುವ, ಗಾಜಿನ ಮಣಿಯ ಟೇಪ್. ಲಾರಿಗಳ ಹಿಂದೆ ಕಾಣುವ ಜೇನುಗೂಡು ವಿನ್ಯಾಸದ ಪ್ರಿಸಂ ಟೇಪ್ ಇನ್ನೂ ಪ್ರಕಾಶಮಾನ ನಿಜ, ಆದರೆ ಗಡಸು. ಹೆಲ್ಮೆಟ್ ಎರಡೂ ದಿಕ್ಕಿಗೆ ಬಾಗಿರುವ ಗುಂಡು. ತೆಂಗಿನಕಾಯಿಗೆ ಪೇಪರ್ ಸುತ್ತಿದ ಹಾಗೆ ಅದು ಸುಕ್ಕುಗಟ್ಟಿ, ವಾರದೊಳಗೆ ಅಂಚು ಏಳುತ್ತದೆ. ಇನ್ನೊಂದು ತೊಂದರೆ: ಪ್ರಿಸಂ ಟೇಪನ್ನು ಸಣ್ಣಗೆ ಕತ್ತರಿಸಿದಾಗ ಅಂಚಿನ ಗೂಡುಗಳು ತೆರೆದುಕೊಂಡು ನೀರು, ಧೂಳು ಒಳನುಗ್ಗುತ್ತವೆ, ಅಷ್ಟು ಭಾಗ ಮಂಕಾಗುತ್ತದೆ. ಅದನ್ನು ಗಾಡಿಯ ಚಪ್ಪಟೆ ಜಾಗಗಳಿಗೆ ಇಡಿ.

ಮೊದಲು ಹೆಲ್ಮೆಟನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿ ಒರೆಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ಒಣಗಿಸಿ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ಸುಳಿಯಬಾರದು. ಎಬಿಎಸ್, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ಗಳ ಹೆಲ್ಮೆಟ್ ಚಿಪ್ಪುಗಳಲ್ಲಿ ಇವು ಕಣ್ಣಿಗೆ ಬೀಳದ ಬಿರುಕು ತರುತ್ತವೆ. ಒಳಗಿನ ಥರ್ಮಾಕೋಲ್ ಪದರವಂತೂ ಇವುಗಳಿಗೆ ಕರಗಿಯೇ ಹೋಗುತ್ತದೆ. ಏಟನ್ನು ತಾಳಿಕೊಳ್ಳುವುದೇ ಆ ಪದರ. ಸ್ಪ್ರೇ ಪೇಂಟ್ ಹೊಡೆದು ಹೆಲ್ಮೆಟ್ ಬಿಳಿ ಮಾಡುವ ಯೋಚನೆಗೂ ಇದೇ ಅಡ್ಡಿ. ಅದರಲ್ಲೂ ಥಿನ್ನರ್ ಇದೆ. ಸ್ಯಾನಿಟೈಸರ್‌ನಿಂದ ಒರೆಸುವವರಿದ್ದಾರೆ. ಅದರಲ್ಲಿ ಗ್ಲಿಸರಿನ್ ಇರುವುದರಿಂದ ಜಿಡ್ಡು ಉಳಿದು ಟೇಪ್ ಹಿಡಿಯುವುದಿಲ್ಲ.

ತುಂಡುಗಳ ನಾಲ್ಕೂ ಮೂಲೆಯನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೂಪು ಮೂಲೆಗೆ ಬಟ್ಟೆ, ಬೆರಳು, ಗಾಳಿ ಎಲ್ಲವೂ ತಗುಲುತ್ತವೆ; ಟೇಪ್ ಕೀಳಲು ಶುರುವಾಗುವುದು ಅಲ್ಲಿಂದಲೇ. ಆಮೇಲೆ ಪೇಪರ್ ಟೇಪಿನ ಚೂರುಗಳನ್ನು ಹಚ್ಚಿ ಜಾಗ ಗುರುತು ಮಾಡಿಕೊಳ್ಳಿ. ಮುಂದೆ ವೈಸರ್ ಮೇಲ್ಗಡೆ ಹಣೆಯ ನೇರಕ್ಕೆ. ಪಕ್ಕದಲ್ಲಿ ವೈಸರ್ ತಿರುಗುವ ಸ್ಕ್ರೂ ಹಿಂದೆ. ಹಿಂಭಾಗದಲ್ಲಿ ಕೆಳ ಅಂಚಿನಿಂದ ಎರಡು ಬೆರಳು ಮೇಲೆ. ವೈಸರ್‌ಗೆ ಏನನ್ನೂ ಅಂಟಿಸಬೇಡಿ, ಗಾಳಿಕಿಂಡಿ ಮುಚ್ಚಬೇಡಿ, ಐಎಸ್‌ಐ ಗುರುತಿನ ಮೇಲೆ ಹೋಗಬೇಡಿ.

ಅಂಟಿಸುವಾಗ ತುಂಡಿನ ಹಿಂದಿನ ಕಾಗದವನ್ನು ಪೂರ್ತಿ ಸುಲಿಯದೆ ಒಂದು ತುದಿ ಮಾತ್ರ ಬಿಡಿಸಿ, ಆ ತುದಿಯನ್ನು ಕೂರಿಸಿ, ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಉಳಿದ ಕಾಗದ ಎಳೆಯಿರಿ. ಎಳೆದು ಹಿಗ್ಗಿಸಬಾರದು, ಹಿಗ್ಗಿಸಿದ ಟೇಪ್ ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತದೆ. ತುಂಡು ತುಂಡಿನ ನಡುವೆ 2ರಿಂದ 3 ಮಿ.ಮೀ. ಜಾಗ ಇರಲಿ. ಬಟ್ಟೆ ಸುತ್ತಿದ ಬೆರಳಿನಿಂದ ಪ್ರತಿ ತುಂಡನ್ನೂ ಚೆನ್ನಾಗಿ ಉಜ್ಜಿ ಒತ್ತಿ. ಈ ಅಂಟಿಗೆ ಹಿಡಿತ ಕೊಡುವುದು ಒತ್ತಡವೇ. ಒರಟಾದ ಮ್ಯಾಟ್ ಮೇಲ್ಮೈಗೆ ಇದನ್ನು ಎರಡು ಸಲ ಮಾಡಿ. ಒಂದು ದಿನ ಮಳೆ ಸೋಕಿಸಬೇಡಿ. ಬೇಗ ಅಂಟಲೆಂದು ಹೀಟ್ ಗನ್ ಹಿಡಿದರೆ ಒಳಗಿನ ಥರ್ಮಾಕೋಲ್ ಮೆತ್ತಗಾಗುತ್ತದೆ. ಇನ್ನು ಮಿಣುಕು ದೀಪ ಕೂರಿಸಲು ಹೆಲ್ಮೆಟ್‌ಗೆ ತೂತು ಕೊರೆದರೆ ಹೆಲ್ಮೆಟ್ ಅಲ್ಲಿಗೆ ಮುಗಿದ ಹಾಗೆ.

ಹೆಲ್ಮೆಟ್ ಮಾತ್ರ ಸಾಲದು, ಏಕೆ?

ಡಿಮ್ ಲೈಟಿನ ಬೆಳಕು ರಸ್ತೆಯತ್ತ ಬಾಗಿರುತ್ತದೆ. ದೂರದಿಂದ ಬರುವ ಕಾರಿನ ಡಿಮ್ ಬೆಳಕು ಮೊದಲು ತಲುಪುವುದು ನಿಮ್ಮ ಪಾದ, ಚಕ್ರ, ಸೈಲೆನ್ಸರ್ ಎತ್ತರಕ್ಕೆ. ತಲೆಯ ಎತ್ತರಕ್ಕೆ ಬರುವುದು ಚೂರುಪಾರು. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕ ಕಂಡು, ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲಿ 25 ಮೀಟರ್ ಕಳೆಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 50 ಮೀಟರ್. ಅಷ್ಟು ದೂರದಿಂದ ಕಾಣಬೇಕೆಂದರೆ ಟೇಪ್ ಕೆಳಗೂ ಇರಬೇಕು. ಹೆಲ್ಮೆಟ್ ಟೇಪಿನ ಉಪಯೋಗ ಬೇರೆ ಕಡೆ: ಸಾಲು ವಾಹನಗಳ ಮೇಲಿಂದ ತಲೆ ಕಾಣುತ್ತದೆ, ಹೈ ಬೀಮ್ ಬಿದ್ದಾಗ ಬೆಳಗುತ್ತದೆ.

ಲಾರಿಯ ಸಂಗತಿ ಇನ್ನೂ ನಾಜೂಕು. ಅದರ ಚಾಲಕನ ಕಣ್ಣು ಹೆಡ್‌ಲೈಟಿಗಿಂತ ಬಹಳ ಮೇಲಿರುತ್ತದೆ, ಟೇಪ್ ಬೆಳಕನ್ನು ಹಿಂದಿರುಗಿಸುವುದು ಹೆಡ್‌ಲೈಟಿನ ಕಡೆಗೆ. ಹೀಗಾಗಿ ಕಾರಿನವನಿಗೆ ಝಗಮಗಿಸುವ ಪಟ್ಟಿ ಹತ್ತಿರದ ಲಾರಿಯವನಿಗೆ ಮಂಕಾಗಿರಬಹುದು. ಲಾರಿ ಹೆಚ್ಚು ಓಡುವ ಹೆದ್ದಾರಿಯ ಸವಾರರು ಟೇಪನ್ನು ಧಾರಾಳವಾಗಿ ಬಳಸಲಿ.

ಗಾಡಿಗೆ ಬಣ್ಣದ ನೇಮ ಸರಳ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಆದರೆ ಕೆಂಪು ಟೇಪ್ ಬೆಳಕನ್ನು ಬಹಳ ಕಡಿಮೆ ಮರಳಿಸುತ್ತದೆ. ದೊಡ್ಡ ವಾಹನಗಳ ಪಟ್ಟಿಗೆ ವಿಶ್ವಸಂಸ್ಥೆಯ 104ನೇ ವಾಹನ ನಿಯಮ ಕೇಳುವ, ಬೆಳಕು ಮರಳಿಸುವ ಕನಿಷ್ಠ ಪ್ರಮಾಣವೇ ಬಿಳಿಗೆ 450, ಹಳದಿಗೆ 300, ಕೆಂಪಿಗೆ 120. ಬಿಳಿಯಷ್ಟೇ ಬೆಳಗಬೇಕಾದರೆ ಕೆಂಪು ಹೆಚ್ಚುಕಡಿಮೆ ನಾಲ್ಕು ಪಟ್ಟು ಬೇಕು. ಆದ್ದರಿಂದ ಹೆಲ್ಮೆಟ್‌ನ ಹಿಂಭಾಗಕ್ಕೆ ಬಿಳಿಯನ್ನೇ ಇಡಿ, ಕೆಂಪನ್ನು ಹಿಂದಿನ ಮಡ್‌ಗಾರ್ಡ್, ಸೀಟಿನ ಹಿಂದಿನ ಹಿಡಿಕೆ, ಬಾಕ್ಸ್‌ಗಳಿಗೆ ದಂಡಿಯಾಗಿ ಅಂಟಿಸಿ. ಅಂದಕ್ಕೆಂದು ಉದ್ದನೆಯ ಮಡ್‌ಗಾರ್ಡ್ ಬಿಚ್ಚಿಸಿದವರು ಅದರ ಜೊತೆಗೆ ಕಂಪನಿ ಕೊಟ್ಟ ಕೆಂಪು ರಿಫ್ಲೆಕ್ಟರನ್ನೂ ಬಿಚ್ಚಿದ್ದಾರೆ. ಅದು ಕಾನೂನಿನ ಪ್ರಕಾರ ಇರಬೇಕಾದ ಭಾಗ, ಮತ್ತೆ ಹಾಕಿಸಿ. ನಂಬರ್ ಪ್ಲೇಟ್, ಟೈಲ್ ಲ್ಯಾಂಪ್, ಬ್ರೇಕ್ ಡಿಸ್ಕ್ ಮುಟ್ಟಬೇಡಿ.

2017ರ ಏಪ್ರಿಲ್‌ನಿಂದ ಈಚೆಗೆ ಬಂದ ಬೈಕುಗಳ ಹೆಡ್‌ಲೈಟ್ ತಾನಾಗಿ ಉರಿಯುವುದರಿಂದ ಮುಂಭಾಗದ ಚಿಂತೆ ಅರ್ಧ ಕಡಿಮೆ. ಬಡವಾಗಿರುವುದು ಪಕ್ಕದ ನೋಟ. ಅಡ್ಡರಸ್ತೆಯಿಂದ ನುಗ್ಗುವವನಿಗೆ ನಿಮ್ಮ ಹೆಡ್‌ಲೈಟೂ ಇಲ್ಲ, ಟೈಲ್ ಲ್ಯಾಂಪೂ ಇಲ್ಲ. ಚಕ್ರದ ರಿಮ್‌ಗೆ 8 ಮಿ.ಮೀ. ಅಗಲದ ಪಟ್ಟಿ ಸುತ್ತಿದರೆ ಸಾಕು. ತಿರುಗುವ ಎರಡು ಉಂಗುರ ಕಂಡರೆ ಅದು ದ್ವಿಚಕ್ರ ವಾಹನವೆಂದು ಹೇಳಿಕೊಡಬೇಕಿಲ್ಲ. 17 ಇಂಚಿನ ಚಕ್ರದ ಒಂದೊಂದು ಬದಿಗೆ ಒಂದೂವರೆ ಮೀಟರ್ ಹಿಡಿಯಿರಿ.

ಬಟ್ಟೆ, ಬ್ಯಾಗ್, ರೇನ್‌ಕೋಟ್

ಅಗ್ಗದ ಜಾಲರಿ ವೆಸ್ಟ್ ಕೊಳ್ಳುವಾಗ ಪಟ್ಟಿ ಅಳೆಯಿರಿ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20471ರ ಎರಡನೇ ವರ್ಗದ ಉಡುಪಿಗೆ 0.13 ಚದರ ಮೀಟರ್ ಪಟ್ಟಿ ಬೇಕು. 50 ಮಿ.ಮೀ. ಅಗಲದ್ದಾದರೆ ಅದು 2.6 ಮೀಟರ್ ಉದ್ದವಾಯಿತು. ಒಂದಿಂಚು ಅಗಲದ ಒಂದೇ ಪಟ್ಟಿಯ ವೆಸ್ಟ್ ಇದರ ಹತ್ತಿರಕ್ಕೂ ಬರುವುದಿಲ್ಲ. ಗಾಳಿಗೆ ಪಟಪಟ ಹಾರುವಷ್ಟು ಸಡಿಲವಾದದ್ದೂ ಬೇಡ.

ಇಷ್ಟೆಲ್ಲ ಮಾಡಿ ಬೆನ್ನಿಗೆ ಕಪ್ಪು ಲ್ಯಾಪ್‌ಟಾಪ್ ಬ್ಯಾಗ್ ಏರಿಸಿದರೆ ವೆಸ್ಟಿನ ಬೆನ್ನು ಪೂರ್ತಿ ಮುಚ್ಚಿಹೋಯಿತು. ಹಿಂಬದಿ ಸವಾರರಿದ್ದರೂ ಅಷ್ಟೇ: ಹಿಂದಿನವರಿಗೆ ಕಾಣುವುದು ಅವರ ಬೆನ್ನು, ಅವರ ಹೆಲ್ಮೆಟ್. ಟೇಪ್ ಮೊದಲು ಅಂಟಬೇಕಾದದ್ದು ಅಲ್ಲಿಗೆ. ಒಂದೇ ಬದಿಗೆ ಕಾಲು ಹಾಕಿ ಕೂರುವವರ ಸೀರೆ, ದುಪಟ್ಟಾ ಗಾಡಿಯ ಪಕ್ಕದ ರಿಫ್ಲೆಕ್ಟರ್ ಮುಚ್ಚುತ್ತದೆ. ಕಣಕಾಲಿಗೆ ಎಲಾಸ್ಟಿಕ್ ಪಟ್ಟಿ ಹಾಕಿಕೊಂಡರೆ ಡಿಮ್ ಬೆಳಕಿಗೆ ಸರಿಯಾಗಿ ಸಿಗುತ್ತದೆ. ಪಂಕ್ಚರ್ ಆಗಿ ಗಾಡಿ ತಳ್ಳುವಾಗ ಈ ಪಟ್ಟಿಗೆ ಬೆಲೆ ಇನ್ನೂ ಹೆಚ್ಚು, ಮೇಲೆ ಕೆಳಗೆ ಆಡುವ ಪಟ್ಟಿಯನ್ನು ಕಣ್ಣು ಕೂಡಲೇ ‘ಮನುಷ್ಯ’ ಎಂದು ಗುರುತಿಸುತ್ತದೆ.

ರೇನ್‌ಕೋಟಿನದೇ ದೊಡ್ಡ ತಲೆನೋವು. ಜೂನ್ ಬಂತೆಂದರೆ ಜಾಕೆಟ್, ವೆಸ್ಟ್, ಬ್ಯಾಗ್ ಎಲ್ಲವೂ ಕಡುನೀಲಿ ಕೋಟಿನೊಳಗೆ ಅಡಗುತ್ತವೆ. ಮೆತ್ತನೆಯ ಪಿವಿಸಿ ಕೋಟಿಗೆ ಸ್ಟಿಕ್ಕರ್ ಟೇಪ್ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಬಂದು ಅಂಟನ್ನು ಪಾಯಸ ಮಾಡುತ್ತದೆ. ಹೊಲಿದರೆ ಸೂಜಿ ತೂತಿನಿಂದ ನೀರು. ಸುಲಭದ ಉಪಾಯವೆಂದರೆ ದೊಡ್ಡ ಅಳತೆಯ ವೆಸ್ಟನ್ನು ಕೋಟಿನ ಮೇಲೆ ತೊಡುವುದು. ಬಟ್ಟೆಯ ಕೋಟಾದರೆ ಹೊಲಿಸಿ, ಆದರೆ ಟೈಲರ್‌ಗೆ ಮೂರು ಮಾತು ಹೇಳಿ: ಪಾಲಿಯೆಸ್ಟರ್ ದಾರ, ಅಂಚಿನಿಂದ 2–3 ಮಿ.ಮೀ. ಒಳಗೆ ಹೊಲಿಗೆ, ಇಂಚಿಗೆ ಏಳೆಂಟು ಹೊಲಿಗೆಗಿಂತ ಹೆಚ್ಚು ಬೇಡ. ಒತ್ತೊತ್ತಾಗಿ ಹೊಲಿದರೆ ಪಟ್ಟಿ ಅಂಚೆ ಚೀಟಿಯ ಹಾಗೆ ತೂತಿನ ಗುಂಟ ಹರಿಯುತ್ತದೆ. ಒಳಗಡೆಯಿಂದ ಹೊಲಿಗೆಯ ಮೇಲೆ, ಸೂಜಿ ತೂತು ಮುಚ್ಚುವ ಸೀಮ್ ಸೀಲರ್ ಬಳಿಯಿರಿ.

ಬಟ್ಟೆಯ ಬೂದು ಪಟ್ಟಿಯಲ್ಲಿ ಗಾಜಿನ ಮಣಿಗಳು ಮೇಲೆಯೇ ತೆರೆದಿರುತ್ತವೆ. ಮಳೆಯಲ್ಲಿ ನೀರಿನ ಪೊರೆ ಕೂತಾಗ ಮಣಿಯೊಳಗೆ ಬೆಳಕು ಬೇಕಾದಷ್ಟು ಬಾಗದೆ ಪಟ್ಟಿ ಮಂಕಾಗುತ್ತದೆ. ಮಳೆಗೆಂದೇ ಕೊಳ್ಳುವವರು ಮೇಲೆ ಪ್ಲಾಸ್ಟಿಕ್ ಹೊದಿಕೆಯಿರುವ, ಹೊಲಿಯಬಹುದಾದ ಪ್ರಿಸಂ ಪಟ್ಟಿ ಕೇಳಿ. ಒಗೆಯುವಾಗ ಬ್ಲೀಚ್, ಫ್ಯಾಬ್ರಿಕ್ ಕಂಡಿಷನರ್, ಬ್ರಷ್ ಬೇಡ. ಇಸ್ತ್ರಿ ಪೆಟ್ಟಿಗೆಯನ್ನು ಪಟ್ಟಿಯ ಮೇಲೆ ಓಡಿಸಬೇಡಿ.

ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಗಾಡಿಯನ್ನು ಮನೆ ಹತ್ತಿರದ ಕತ್ತಲ ಓಣಿಯಲ್ಲಿ, ವಾಹನ ಓಡಾಡದ ಕಡೆ ನಿಲ್ಲಿಸಿ. ಸವಾರ, ಹಿಂಬದಿ ಸವಾರ, ಬ್ಯಾಗ್, ರೇನ್‌ಕೋಟ್ ಎಲ್ಲ ಸೇರಿ ಕೂರಲಿ. ಇನ್ನೊಬ್ಬರು ಎಪ್ಪತ್ತು ಹೆಜ್ಜೆ ಹಿಂದೆ ಹೋಗಿ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ನೋಡಲಿ. ಆಮೇಲೆ ಎರಡೂ ಪಕ್ಕದಿಂದ ನೋಡಲಿ. ಯಾವ ಬದಿಯಿಂದ ಒಂದೇ ಚುಕ್ಕೆ ಕಂಡಿತೋ ಆ ಬದಿಗೆ ಇನ್ನೆರಡು ತುಂಡು, ಒಂದಕ್ಕೊಂದು ಆದಷ್ಟು ದೂರದಲ್ಲಿ ಅಂಟಿಸಿ. ಒಂಟಿ ಚುಕ್ಕೆ ನೋಡಿ ದೂರವನ್ನು ಅಳೆಯಲು ಯಾರ ಕಣ್ಣಿಗೂ ಬರುವುದಿಲ್ಲ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಟೇಪ್ ಒರೆಸಿ. ಒರೆಸಿದ ಮೇಲೂ ಟಾರ್ಚಿಗೆ ಮಂಕಾಗಿದ್ದರೆ ಕಿತ್ತು ಹೊಸದು ಹಾಕಿ. ಕೀಳುವಾಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟು ಉಗುರಿನಿಂದ ಎಬ್ಬಿಸಿ, ಚಾಕು ಬೇಡ.